ನಿಮ್ಮ ತಾಣದ ಕನ್ನಡ ಮೂಡಿಗೆರೆಯ ಫೋನಿನಲ್ಲಿ ಹೇಗೆ ಕಾಣುತ್ತದೆ?

ಸ್ವಂತಕ್ಕೆ ಒಂದು ತಾಣ ಮಾಡಿಕೊಂಡು ಬರೆಯುವವರಿಗೆ ಬರೆಯುವ ಖುಷಿಯ ಜೊತೆಗೆ ಇನ್ನೊಂದು ಖುಷಿಯೂ ಇರುತ್ತದೆ. ಅದು ತಾಣದ ರೂಪ ತಿದ್ದುವ ಖುಷಿ. ಥೀಮ್ (ತಾಣದ ಸಿದ್ಧ ವಿನ್ಯಾಸ) ಬದಲಿಸುವುದು, ಬಣ್ಣ ಹೊಂದಿಸುವುದು, ಹುಡುಕುವ ಪೆಟ್ಟಿಗೆ ಸೇರಿಸುವುದು, ಹಳೆಯ ಬರಹಗಳನ್ನು ವಿಂಗಡಿಸುವುದು. ಈ ಕೆಲಸ ಒಮ್ಮೆ ಕೈಗೆ ಹತ್ತಿದರೆ ರಾತ್ರಿ ಊಟದ ಹೊತ್ತು ಮರೆತುಹೋಗುತ್ತದೆ. ಹಾಸನ, ಚಿಕ್ಕಮಗಳೂರು ಕಡೆಯಿಂದ ತೋಟದ ಕೆಲಸ, ಮಳೆ ಲೆಕ್ಕ, ಹಕ್ಕಿ, ಶಾಸನ, ಚಾರಣ ಅಂತ ಕನ್ನಡದಲ್ಲಿ ಬರೆಯುವವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಸಿಗುವ ಥೀಮ್‌ಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಅಕ್ಷರವನ್ನು ಮನಸ್ಸಿನಲ್ಲಿಟ್ಟು ಮಾಡಿದವು. ಸಾಲಿನ ಅಂತರ, ಅಕ್ಷರದ ಗಾತ್ರ, ಲಿಂಕ್ ಕೊಡುವ ರೀತಿ, ಸಾರಾಂಶ ಕತ್ತರಿಸುವ ರೀತಿ, ಎಲ್ಲ ಆ ಅಳತೆಯವೇ. ಅದರಲ್ಲಿ ಕನ್ನಡ ತುಂಬಿದರೆ ಮೇಲ್ನೋಟಕ್ಕೆ ಸರಿ ಅನ್ನಿಸುತ್ತದೆ. ಓದಲು ಕೂತಾಗ ಕಷ್ಟ ಗೊತ್ತಾಗುತ್ತದೆ. ಹಾಗಾಗಿ ಕನ್ನಡ ತಾಣ ತಿದ್ದುವವರು ಮೊದಲು ನೋಡಬೇಕಾದ್ದು ಅಕ್ಷರ, ಸಾಲು ಮತ್ತು ಪುಟದ ತೂಕ. ಅಲಂಕಾರ ಆಮೇಲೆ. ಪರೀಕ್ಷೆ ಮಾಡುವುದು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅಲ್ಲ, ಕೊಟ್ಟಿಗೆಹಾರದಲ್ಲೋ ಸಕಲೇಶಪುರದಾಚೆಯ ತೋಟದಲ್ಲೋ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಓದುವವರ ಫೋನಿನಲ್ಲಿ.

ಅಕ್ಷರದ ಒಳಗೆ ಏನಿದೆ

ಕಂಪ್ಯೂಟರ್ ಕನ್ನಡವನ್ನು ನಾವು ಓದಿದಂತೆ ಓದುವುದಿಲ್ಲ. ಯೂನಿಕೋಡ್ ಎಂಬ ಪಟ್ಟಿಯಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಸಾಲು ಮೀಸಲಿದೆ. ಸ್ವರ, ವ್ಯಂಜನ, ಇಳಿ, ಗುಣಿಸು, ಕೊಂಬು, ಅಂಕಿ ಎಲ್ಲಕ್ಕೂ ಒಂದೊಂದು ನಂಬರ್. ಒತ್ತಕ್ಷರಕ್ಕೆ ಮಾತ್ರ ನಂಬರ್ ಇಲ್ಲ. ಎರಡು ವ್ಯಂಜನಗಳ ನಡುವೆ ಅರ್ಧಾಕ್ಷರದ ಚಿಹ್ನೆ, ಅಂದರೆ ‘್’ ಬಂದರೆ ಎರಡನೆಯದು ಒತ್ತಾಗಬೇಕು ಅನ್ನುವುದು ನಿಯಮ.

‘ಚಿಕ್ಕಮಗಳೂರು’ ಪದವನ್ನೇ ನೋಡಿ. ನಾವು ಎಣಿಸಿದರೆ ಆರು ಅಕ್ಷರ. ಚಿ, ಕ್ಕ, ಮ, ಗ, ಳೂ, ರು. ಕಂಪ್ಯೂಟರ್ ಎಣಿಸಿದರೆ ಹನ್ನೊಂದು: ಚ, ಗುಣಿಸು, ಕ, ಅರ್ಧಾಕ್ಷರದ ಚಿಹ್ನೆ, ಮತ್ತೆ ಕ, ಮ, ಗ, ಳ, ದೀರ್ಘದ ಕೊಂಬು, ರ, ಕೊಂಬು. ಯುಟಿಎಫ್-8 ಎಂಬ ಇವತ್ತಿನ ಸಾಮಾನ್ಯ ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್ ಜಾಗ ಬೇಕು. ಅಲ್ಲಿಗೆ ಊರಿನ ಹೆಸರಿಗೆ 33 ಬೈಟ್. ಇಂಗ್ಲಿಷ್ ಅಕ್ಷರಕ್ಕಾದರೆ ತಲಾ ಒಂದೇ ಬೈಟ್ ಸಾಕು.

ಈ ಹನ್ನೊಂದು ನಂಬರ್‌ಗಳನ್ನು ಆರು ಅಕ್ಷರದ ಚಿತ್ರವಾಗಿ ಜೋಡಿಸುವ ಕೆಲಸವನ್ನು ಬ್ರೌಸರ್‌ನ ಒಳಗಿನ ಒಂದು ಭಾಗ ಮಾಡುತ್ತದೆ. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಮೂರರಲ್ಲೂ ಇದಕ್ಕೆ ಹಾರ್ಫ್‌ಬಜ್ ಅನ್ನುವ ಮುಕ್ತ ತಂತ್ರಾಂಶ ಇದೆ. ಅದು ಫಾಂಟ್‌ನ ಒಳಗಿರುವ ನಿಯಮಗಳನ್ನು ಓದಿ, ಯಾವುದರ ಕೆಳಗೆ ಯಾವುದು ಬರಬೇಕು ಅಂತ ತೀರ್ಮಾನಿಸುತ್ತದೆ. ‘ಸೂರ್ಯ’ದಲ್ಲಿ ‘ರ’ ಮೊದಲು ಇರುತ್ತದೆ, ‘ಯ’ ಆಮೇಲೆ. ತೆರೆಯ ಮೇಲೆ ಅರ್ಕಾವತ್ತು ‘ಯ’ದ ಬಲಕ್ಕೆ ಹೋಗಿ ಕೂರುತ್ತದೆ. ‘ಸ್ತ್ರೀ’ ಇನ್ನೂ ಸೊಗಸು. ಆರು ನಂಬರ್, 18 ಬೈಟ್, ನೋಡುವುದಕ್ಕೆ ಒಂದೇ ಅಕ್ಷರ. ದೀರ್ಘ ಎಲ್ಲಕ್ಕಿಂತ ಕೊನೆಗೆ ಸಿಕ್ಕರೂ ಅದು ಹತ್ತಬೇಕಾದ್ದು ಮೊದಲಿನ ‘ಸ’ ಮೇಲೆ. ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣ ಇದೆ. ತಾಣ ತಿದ್ದುವಾಗ ಎದುರಾಗುವ ಅರ್ಧಕ್ಕರ್ಧ ತೊಂದರೆ, ಒಂದು ಉಪಕರಣ ಈ ಹನ್ನೊಂದನ್ನು ‘ಹನ್ನೊಂದು ಅಕ್ಷರ’ ಅಂತಲೇ ತಿಳಿದುಕೊಂಡು ಕತ್ತರಿ ಹಾಕುವುದರಿಂದ ಬರುತ್ತದೆ.

ಹಳೆಯ ಬರಹ ಇರುವವರಿಗೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ್ದು ಕಂಪ್ಯೂಟರ್ ಪಾಲಿಗೆ ಕನ್ನಡ ಅಲ್ಲ. ಒಳಗೆ ಇಂಗ್ಲಿಷ್ ಅಕ್ಷರಗಳ ನಂಬರ್ ಇರುತ್ತದೆ, ಫಾಂಟ್ ಮಾತ್ರ ಅದಕ್ಕೆ ಕನ್ನಡದ ರೂಪ ಕೊಡುತ್ತದೆ. ಹಾಗೇ ತಾಣಕ್ಕೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ಒಳ್ಳೆಯ ತಂತ್ರಾಂಶ ಬೇಕು ಅಂತ ತಮ್ಮ ಕಡೆಯ ವರ್ಷಗಳಲ್ಲಿ ಅಷ್ಟು ಕಾಳಜಿಯಿಂದ ಮಾತಾಡುತ್ತಿದ್ದದ್ದು ಇಂಥ ದಿನಗಳಲ್ಲೇ. ಈಗ ಹಳೆಯದನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತು ಮತ್ತು ಸೊನ್ನೆ ಇರುವ ಪದಗಳನ್ನು ಒಂದು ಸಲ ಕಣ್ಣಿಟ್ಟು ನೋಡಿ. ತಪ್ಪು ಉಳಿಯುವುದು ಅಲ್ಲೇ.

ಸೊನ್ನೆಯ ವಿಷಯ ಬಂತು. ‘ಬಂದು’ ಪದದಲ್ಲಿ ಇರಬೇಕಾದ್ದು ಅನುಸ್ವಾರ. ಎಷ್ಟೋ ಜನ ಅದರ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಒತ್ತುತ್ತಾರೆ. ‘ಬಂದು’ ಮತ್ತು ‘ಬ೦ದು’. ನೋಡಲು ಎರಡೂ ಒಂದೇ ಥರ, ಅಲ್ವಾ? ಒಳಗಿನ ನಂಬರ್ ಬೇರೆ ಬೇರೆ. ಓದುವವರಿಗೆ ಗೊತ್ತಾಗುವುದಿಲ್ಲ. ಹುಡುಕುವ ಪೆಟ್ಟಿಗೆಗೆ, ಗೂಗಲ್‌ಗೆ, ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಕ್ಕೆ ಗೊತ್ತಾಗುತ್ತದೆ. ನಿಮ್ಮ ಎಲ್ಲ ಬರಹದಲ್ಲೂ ಅಕ್ಷರಗಳ ಮಧ್ಯೆ ಸಿಕ್ಕಿಕೊಂಡ ‘೦’ ಹುಡುಕಿ ತೆಗೆಯುವುದು ಅರ್ಧ ಗಂಟೆಯ ಕೆಲಸ. ಹೊಸ ಥೀಮ್ ಹಾಕುವುದಕ್ಕಿಂತ ಇದರಿಂದ ಆಗುವ ಲಾಭ ಜಾಸ್ತಿ.

ಫಾಂಟ್ ಬೇಕೇ ಬೇಕಾ?

ತಾಣಕ್ಕೆ ಚೆಂದದ ಫಾಂಟ್ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಈಗ ಆಯ್ಕೆಯೂ ಚೆನ್ನಾಗಿದೆ. ನೋಟೋ ಸ್ಯಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ಹುಬ್ಬಳ್ಳಿ, ಬೆಣ್ಣೆ ಇವೆಲ್ಲ ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಯಾರನ್ನೂ ಕೇಳದೆ, ದುಡ್ಡು ಕೊಡದೆ ಬಳಸಬಹುದು.

ಆದರೆ ಕನ್ನಡ ಫಾಂಟ್ ಇಂಗ್ಲಿಷ್ ಫಾಂಟ್‌ನಷ್ಟು ಹಗುರ ಅಲ್ಲ. ಅದರಲ್ಲಿ ಮೂಲ ಅಕ್ಷರಗಳ ಜೊತೆಗೆ ಒತ್ತುಗಳು, ‘ಚಿ’, ‘ಗಿ’, ‘ನಿ’ ಥರ ಗುಣಿಸಿನ ಜೊತೆ ಬೆಸೆದ ರೂಪಗಳು, ಅವನ್ನು ಜೋಡಿಸುವ ನಿಯಮಗಳು ಎಲ್ಲ ಇರಬೇಕು. ತೂಕ ಇಳಿಸುತ್ತೇನೆ ಅಂತ ಫಾಂಟ್‌ನಿಂದ ‘ಬೇಡದ’ ಭಾಗ ಕತ್ತರಿಸುವ ಉಪಕರಣಗಳಿವೆ. ಎಚ್ಚರ ಬೇಕು. ಒತ್ತಿನ ಚಿತ್ರಗಳಿಗೆ ಯೂನಿಕೋಡ್ ನಂಬರ್ ಇಲ್ಲವಲ್ಲ, ಬರೀ ನಂಬರ್ ನೋಡಿ ಕತ್ತರಿಸುವ ಉಪಕರಣ ಅವನ್ನು ಬೇಡದವು ಅಂತ ತೆಗೆದುಹಾಕಬಹುದು. ಆಗ ‘ಚಿಕ್ಕ’ ಹೋಗಿ ‘ಚಿಕ್‌ಕ’ ಆಗುತ್ತದೆ. ಕತ್ತರಿಸುವಾಗ ಜೋಡಣೆಯ ನಿಯಮಗಳನ್ನು ಉಳಿಸು ಅನ್ನುವ ಆಯ್ಕೆ ಸಾಮಾನ್ಯವಾಗಿ ಇರುತ್ತದೆ. ಅದನ್ನು ಮರೆಯಬಾರದು.

ಈಗಿನ ಫೋನ್‌ಗಳಲ್ಲಿ ಕನ್ನಡ ಫಾಂಟ್ ಮೊದಲೇ ಇರುತ್ತದೆ. ಆಂಡ್ರಾಯ್ಡ್‌ಗೆ ಕನ್ನಡ ಬಂದದ್ದು 2012ರ ಜೆಲ್ಲಿ ಬೀನ್ ಆವೃತ್ತಿಯ ಹೊತ್ತಿಗೆ. ವಿಂಡೋಸ್‌ನಲ್ಲಿ ಎಕ್ಸ್‌ಪಿ ಕಾಲದಲ್ಲಿ ತುಂಗಾ ಬಂತು, ಎಂಟನೇ ಆವೃತ್ತಿಯಿಂದ ನಿರ್ಮಲಾ ಇದೆ. ಆಪಲ್‌ನವರದು ಕನ್ನಡ ಸಂಗಮ್. ಹಾಗಿದ್ದ ಮೇಲೆ ಬರಹದ ಮೈಗೆ ಫೋನಿನದೇ ಫಾಂಟ್ ಬಿಟ್ಟು, ತಲೆಬರಹಕ್ಕೆ ಮಾತ್ರ ಬೇರೆ ಫಾಂಟ್ ತರಿಸಿಕೊಳ್ಳುವುದು ನನಗೆ ಸರಿ ಕಾಣುತ್ತದೆ. ಸಿಗ್ನಲ್ ಇಲ್ಲದೆ ಫಾಂಟ್ ಬರದೇ ಹೋದರೂ ಓದು ನಿಲ್ಲುವುದಿಲ್ಲ. ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಫಾಂಟ್-ಡಿಸ್‌ಪ್ಲೇ ಅನ್ನುವ ಗುಣಕ್ಕೆ ಸ್ವಾಪ್ ಅಂತ ಕೊಟ್ಟರೆ, ನಿಮ್ಮ ಫಾಂಟ್ ಬರುವ ತನಕ ಫೋನಿನ ಫಾಂಟ್‌ನಲ್ಲಿ ಬರಹ ಕಾಣುತ್ತದೆ. ಇದಿಲ್ಲದಿದ್ದರೆ ಓದುಗರು ಸ್ವಲ್ಪ ಹೊತ್ತು ಖಾಲಿ ಜಾಗ ನೋಡಬೇಕಾಗುತ್ತದೆ.

ಫಾಂಟ್‌ಗಳನ್ನು ಬರೆಯುವ ಕ್ರಮವೂ ಮುಖ್ಯ. ಬ್ರೌಸರ್ ಪ್ರತಿ ಅಕ್ಷರಕ್ಕೂ ಪಟ್ಟಿಯ ಮೊದಲಿನಿಂದ ನೋಡುತ್ತಾ ಬರುತ್ತದೆ. ಯಾವುದರಲ್ಲಿ ಆ ಅಕ್ಷರ ಮೊದಲು ಸಿಗುತ್ತದೋ ಅದನ್ನು ಬಳಸುತ್ತದೆ. ಇಂಗ್ಲಿಷ್ ಫಾಂಟ್ ಮೊದಲಿದ್ದರೆ ಇಸವಿ, ಅಲ್ಪವಿರಾಮ, ಪೂರ್ಣವಿರಾಮ ಎಲ್ಲ ಅದರಿಂದ ಬರುತ್ತವೆ, ಅಕ್ಷರ ಮಾತ್ರ ಕನ್ನಡ ಫಾಂಟ್‌ನಿಂದ. ಒಂದೇ ಸಾಲಿನಲ್ಲಿ ‘1956ರಲ್ಲಿ’ ಅಂತ ಬರೆದರೆ ಅಂಕಿ ದಪ್ಪ, ‘ರಲ್ಲಿ’ ತೆಳು. ಕನ್ನಡ ಫಾಂಟ್ ಮೊದಲಿಟ್ಟರೆ ಸಾಮಾನ್ಯವಾಗಿ ಇದು ಸರಿಹೋಗುತ್ತದೆ.

ದಪ್ಪ ಅಕ್ಷರದ ಬಗ್ಗೆಯೂ ಒಂದು ಮಾತು. ಫಾಂಟ್‌ನಲ್ಲಿ ನಿಜವಾದ ದಪ್ಪ ರೂಪ ಇಲ್ಲದಿದ್ದರೆ ಬ್ರೌಸರ್ ತಾನೇ ಗೆರೆಗಳನ್ನು ಉಬ್ಬಿಸುತ್ತದೆ. ಕನ್ನಡದ ಸುರುಳಿಗಳೆಲ್ಲ ಮುಚ್ಚಿಹೋಗಿ ‘ಥ’, ‘ಧ’, ‘ಘ’ ಗುರುತೇ ಸಿಗುವುದಿಲ್ಲ. ಓರೆ ಅಕ್ಷರವಂತೂ ಕನ್ನಡದ ರೂಢಿಯಲ್ಲೇ ಇಲ್ಲ. ಥೀಮ್ ಎಲ್ಲೆಲ್ಲಿ ಓರೆ ಮಾಡುತ್ತದೋ ಅಲ್ಲೆಲ್ಲ ಅದನ್ನು ತೆಗೆದು ಬಣ್ಣವೋ ಉದ್ಧರಣ ಚಿಹ್ನೆಯೋ ಹಾಕಿದರೆ ಕಣ್ಣಿಗೆ ಹಿತ.

ಸಾಲಿನ ಕೆಳಗೂ ಅಕ್ಷರ ಇದೆ

ಅಕ್ಷರದ ಕೆಳಗೆ ಅಕ್ಷರ ಬರೆಯುವುದು ನಮ್ಮಲ್ಲಿ ಇವತ್ತಿನದಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ ಐದನೇ ಶತಮಾನದ ಶಾಸನದಲ್ಲೂ ಒತ್ತು ಕೆಳಗೇ ಇದೆ. ಇಂಗ್ಲಿಷ್‌ನಲ್ಲಿ ನಾಲ್ಕೈದು ಅಕ್ಷರ ಮಾತ್ರ ಸಾಲಿನ ಕೆಳಗೆ ಇಳಿಯುತ್ತವೆ, ಅದೂ ಸ್ವಲ್ಪ. ಕನ್ನಡದಲ್ಲಿ ‘ರಾಷ್ಟ್ರ’, ‘ವೈಶಿಷ್ಟ್ಯ’ ಥರದ ಪದದಲ್ಲಿ ಎರಡು ಒತ್ತು ಒಟ್ಟಿಗೆ ಕೆಳಗೆ ಕೂರುತ್ತವೆ. ಮುಂದಿನ ಸಾಲಿನಲ್ಲಿ ಸರಿಯಾಗಿ ಅದರ ಕೆಳಗೇ ‘ಕೌ’, ‘ಶೈ’, ‘ಕೀ’ ಬಂದರೆ ಮೇಲಿನದೂ ಕೆಳಗಿನದೂ ತಾಗುತ್ತವೆ.

ಥೀಮ್‌ಗಳಲ್ಲಿ ಲೈನ್-ಹೈಟ್, ಅಂದರೆ ಅಕ್ಷರದ ಗಾತ್ರಕ್ಕೆ ಹೋಲಿಸಿದ ಸಾಲಿನ ಎತ್ತರ, ಸಾಮಾನ್ಯವಾಗಿ 1.5ರ ಆಸುಪಾಸು ಇರುತ್ತದೆ. ಕನ್ನಡದ ಮೈಬರಹಕ್ಕೆ ಅದನ್ನು 1.7 ಅಥವಾ 1.8 ಮಾಡಿ. ಅಕ್ಷರದ ಗಾತ್ರ 18 ಪಿಕ್ಸೆಲ್‌ಗಿಂತ ಕಡಿಮೆ ಬೇಡ. ತಲೆಬರಹಕ್ಕೆ ಇಂಗ್ಲಿಷ್ ಥೀಮ್‌ಗಳು 1.1, 1.2 ಇಟ್ಟಿರುತ್ತವೆ. ಎರಡು ಸಾಲಿನ ಕನ್ನಡ ತಲೆಬರಹ ಅದರಲ್ಲಿ ಉಸಿರಾಡಲಾರದು. 1.4 ಬೇಕು. ಇಡೀ ತಾಣದಲ್ಲಿ ಒಂದೇ ಒಂದು ಬದಲಾವಣೆ ಮಾಡಲು ಸಮಯ ಇದೆ ಅಂದರೆ ನಾನು ಹೇಳುವುದು ಇದನ್ನೇ.

ಇದರ ಜೊತೆಗೆ ಬಟನ್‌ಗಳನ್ನೂ ನೋಡಿ. ‘ಇನ್ನಷ್ಟು’, ‘ಮುಂದಿನದ್ದು’ ಅಂತ ಬರೆದ ಬಟನ್‌ಗೆ ಥೀಮ್ ಎತ್ತರ ನಿಗದಿ ಮಾಡಿಟ್ಟಿದ್ದರೆ ಒತ್ತಿನ ಕೆಳಭಾಗ ಕತ್ತರಿಸಿ ಹೋಗಿರುತ್ತದೆ. ಎತ್ತರ ನಿಗದಿ ಮಾಡುವ ಬದಲು ಮೇಲೆ ಕೆಳಗೆ ಒಳ ಅಂಚು ಕೊಟ್ಟರೆ ಸಾಕು. ಲಿಂಕ್‌ಗಳ ಅಡಿಗೆರೆಯದೂ ಇದೇ ಕಥೆ. ಗೆರೆ ಒತ್ತಿನ ಮಧ್ಯೆ ಹಾಯುತ್ತದೆ, ಇಲ್ಲವೇ ಒತ್ತು ಬಂದ ಕಡೆಯೆಲ್ಲ ತುಂಡಾಗುತ್ತದೆ. ಗೆರೆಯನ್ನು ಸ್ವಲ್ಪ ಕೆಳಕ್ಕೆ ಸರಿಸುವ ಗುಣ ಸಿಎಸ್‌ಎಸ್‌ನಲ್ಲಿದೆ, ಅದನ್ನು ಬಳಸಿ.

ಎರಡೂ ಅಂಚು ಸಮ ಮಾಡುವ ಆಸೆ ಬಿಡಿ. ಪತ್ರಿಕೆಯಲ್ಲಿ ಅದು ಚೆಂದ, ಅಲ್ಲಿ ಪದ ಒಡೆಯಲು ಜನ ಇದ್ದಾರೆ. ಫೋನಿನ ಸಣ್ಣ ಅಗಲದಲ್ಲಿ ‘ಮಾಡಬೇಕಾಗಿರುವುದರಿಂದ’ ಥರದ ಪದ ಬಂದಾಗ ಅದು ಹಿಂದಿನ ಸಾಲಿನಲ್ಲಿ ಹಿಡಿಸದೆ ಕೆಳಗಿಳಿಯುತ್ತದೆ. ಹಿಂದಿನ ಸಾಲಿನ ಮೂರು ಪದಗಳು ದೂರ ದೂರ ನಿಲ್ಲುತ್ತವೆ. ಎಡಕ್ಕೆ ಸಾಲಾಗಿ ಬರಲಿ, ಬಲಕ್ಕೆ ಏರುಪೇರು ಇರಲಿ.

ಪುಟದ ಭಾಷೆ ಕನ್ನಡ ಅಂತ ಎಚ್‌ಟಿಎಂಎಲ್‌ನ, ಅಂದರೆ ಪುಟದ ಮೂಲ ಕೋಡ್‌ನ, ಆರಂಭದಲ್ಲೇ ಹೇಳಬೇಕು. ಥೀಮ್ ಅಲ್ಲಿ ಇಂಗ್ಲಿಷ್ ಅಂತ ಬರೆದಿರುತ್ತದೆ, ಯಾರೂ ಬದಲಿಸುವುದಿಲ್ಲ. ಕಣ್ಣು ಕಾಣದವರು ಫೋನಿನ ಓದುವ ದನಿಯಿಂದ ಬರಹ ಕೇಳುತ್ತಾರೆ. ಭಾಷೆ ತಪ್ಪಾಗಿದ್ದರೆ ಇಂಗ್ಲಿಷ್ ದನಿ ಕನ್ನಡ ಓದಲು ಹೋಗಿ ತಡವರಿಸಬಹುದು, ಇಲ್ಲವೇ ಸುಮ್ಮನಾಗಿಬಿಡಬಹುದು. ಎರಡಕ್ಷರ ತಿದ್ದಿದರೆ ಸರಿಹೋಗುವ ವಿಷಯ ಇದು. ದಯವಿಟ್ಟು ತಿದ್ದಿ.

ರಾತ್ರಿ ಓದುವವರಿಗೆ ಕಪ್ಪು ಹಿನ್ನೆಲೆ ಕೊಡುವುದು ಒಳ್ಳೆಯದೇ. ಮಳೆಗಾಲದಲ್ಲಿ ಕರೆಂಟ್ ಹೋದ ಮನೆಯಲ್ಲಿ ಬಿಳಿ ತೆರೆ ಕಣ್ಣಿಗೆ ಹೊಡೆಯುತ್ತದೆ. ಪೂರಾ ಕಪ್ಪಿನ ಮೇಲೆ ಪೂರಾ ಬಿಳಿ ಬೇಡ, ಎರಡನ್ನೂ ಒಂದೊಂದು ಮೆಟ್ಟಿಲು ಇಳಿಸಿ.

ತೂಕ ಎಲ್ಲಿಂದ ಬರುತ್ತದೆ

ಕನ್ನಡಕ್ಕೆ ಮೂರು ಪಟ್ಟು ಬೈಟ್ ಬೇಕು ಅಂದಾಗ ಕನ್ನಡ ಪುಟ ಭಾರ ಅಂತ ಅನ್ನಿಸಬಹುದು. ಲೆಕ್ಕ ಹಾಕೋಣ. ಒಂದು ಸಾವಿರ ಪದದ ಲೇಖನ ಇದೆ, ಪದಕ್ಕೆ ಸರಾಸರಿ ಎಂಟು ನಂಬರ್ ಅಂತ ಇಟ್ಟುಕೊಳ್ಳಿ. ಎಂಟು ಸಾವಿರವನ್ನು ಮೂರರಿಂದ ಗುಣಿಸಿದರೆ 24 ಕೆಬಿ. ಇದೂ ಹಾಗೇ ಹೋಗುವುದಿಲ್ಲ. ಸರ್ವರ್ ಅದನ್ನು ಹಿಂಡಿ ಕಳಿಸುತ್ತದೆ. ಕನ್ನಡದ ಮೂರು ಬೈಟ್‌ಗಳಲ್ಲಿ ಮೊದಲನೆಯದು ಯಾವಾಗಲೂ ಒಂದೇ, ಎರಡನೆಯದು ಎರಡೇ ಬಗೆ. ಇಷ್ಟು ಪುನರಾವರ್ತನೆ ಇದ್ದರೆ ಹಿಂಡುವುದು ಸುಲಭ. ಬರಹದಿಂದ ತೂಕ ಬರುವುದಿಲ್ಲ.

ತೂಕ ಬರುವುದು ಫೋಟೋದಿಂದ. ಫೋನಿನಲ್ಲಿ ತೆಗೆದ 12 ಮೆಗಾಪಿಕ್ಸೆಲ್ ಫೋಟೋ 4000 ಪಿಕ್ಸೆಲ್ ಅಗಲ ಇರುತ್ತದೆ, ತೂಕ ಮೂರು ನಾಲ್ಕು ಎಂಬಿ. ಓದುವವರ ಫೋನಿನ ತೆರೆಯ ಅಗಲ ಹೆಚ್ಚಾಗಿ 1080 ಪಿಕ್ಸೆಲ್ ಅಥವಾ ಅದಕ್ಕಿಂತ ಕಡಿಮೆ. ಕಾಣಿಸಲಾಗದ ವಿವರವನ್ನೆಲ್ಲ ನಾವು ಘಟ್ಟ ಹತ್ತಿಸಿ ಕಳಿಸುತ್ತಿದ್ದೇವೆ. ಚಾರ್ಮಾಡಿ ಹತ್ತಿರ ಸೆಕೆಂಡಿಗೆ 50 ಕೆಬಿ ವೇಗ ಸಿಕ್ಕಿತು ಅಂತ ಇಟ್ಟುಕೊಳ್ಳಿ. ಆ ಲೇಖನ ಅರ್ಧ ಸೆಕೆಂಡಿನಲ್ಲಿ ಬರುತ್ತದೆ. 4 ಎಂಬಿಯ ಒಂದೇ ಫೋಟೋ ಬರಲು 80 ಸೆಕೆಂಡ್ ಬೇಕು. ಅಷ್ಟು ಹೊತ್ತು ಯಾರು ಕಾಯುತ್ತಾರೆ?

ಹಾಕುವ ಮೊದಲು ಫೋಟೋವನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ. ಪಿಕ್ಸೆಲ್‌ಗಳ ಲೆಕ್ಕದಲ್ಲಿ ಅದು ಹನ್ನೊಂದನೇ ಒಂದು ಭಾಗ. ವೆಬ್‌ಪಿ ರೂಪದಲ್ಲಿ ಉಳಿಸಿದರೆ ಇನ್ನೂ ಹಗುರ. ಪುಟದ ಕೆಳಗಿರುವ ಫೋಟೋಗಳನ್ನು ಓದುಗರು ಅಲ್ಲಿಗೆ ತಲುಪಿದಾಗ ಮಾತ್ರ ತರಿಸಿಕೋ ಅಂತ ಬ್ರೌಸರ್‌ಗೆ ಹೇಳಬಹುದು, ಒಂದೇ ಪದದ ಸೂಚನೆ ಅದು. ಫೋಟೋದ ಅಗಲ, ಎತ್ತರವನ್ನೂ ಬರೆದಿಡಿ. ಊಟದ ಪಂಕ್ತಿಯಲ್ಲಿ ಜನ ಬರುವ ಮೊದಲೇ ಎಲೆ ಹಾಕಿ ಜಾಗ ಹಿಡಿದಂತೆ, ಬ್ರೌಸರ್ ಅಷ್ಟು ಜಾಗ ಖಾಲಿ ಇಟ್ಟುಕೊಳ್ಳುತ್ತದೆ. ಇಲ್ಲದಿದ್ದರೆ ಅರ್ಧ ಓದಿದಾಗ ಫೋಟೋ ಬಂದು, ಓದುತ್ತಿದ್ದ ಸಾಲು ಕೆಳಗೆ ಜಾರಿಹೋಗುತ್ತದೆ.

ನಿಧಾನದ ನೆಟ್‌ವರ್ಕ್‌ನಲ್ಲಿ ಪುಟ ಹೇಗೆ ಬರುತ್ತದೆ ಅಂತ ನೋಡಲು ಘಟ್ಟಕ್ಕೆ ಹೋಗಬೇಕಾಗಿಲ್ಲ. ಕ್ರೋಮ್ ಮತ್ತು ಫೈರ್‌ಫಾಕ್ಸ್‌ನ ಡೆವಲಪರ್ ಉಪಕರಣಗಳಲ್ಲಿ ವೇಗ ಇಳಿಸಿ ನೋಡುವ ಸೌಲಭ್ಯ ಇದೆ. ಹಾಸನದ ಮನೆಯಲ್ಲೇ ಕೂತು ಪರೀಕ್ಷೆ ಮಾಡಬಹುದು.

ಮಳೆ ಲೆಕ್ಕದ ಪಟ್ಟಿ

ಈ ಭಾಗದ ತಾಣಕ್ಕೆ ಯಾವ ಸೌಲಭ್ಯ ಸೇರಿಸಲಿ ಅಂತ ಯಾರಾದರೂ ಕೇಳಿದರೆ ಮಳೆ ಲೆಕ್ಕ ಅನ್ನುತ್ತೇನೆ. ಕಾಫಿ ತೋಟದವರು ಮಳೆಯನ್ನು ಇಂಚು, ಸೆಂಟ್‌ನಲ್ಲಿ ಬರೆದಿಡುತ್ತಾರೆ. ನೂರು ಸೆಂಟ್ ಅಂದರೆ ಒಂದು ಇಂಚು, 25.4 ಮಿಲಿಮೀಟರ್. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಯಾವ ವರ್ಷ ಎಷ್ಟನೇ ತಾರೀಕಿಗೆ ಬಂತು, ಎಷ್ಟು ಬಂತು ಅನ್ನುವುದು ಮುಂದಿನ ಫಸಲಿನ ಮಾತು. ಅಜ್ಜನ ಕಾಲದ ಡೈರಿಯನ್ನು ತಾಣಕ್ಕೆ ಏರಿಸುವುದು ನಿಜಕ್ಕೂ ಊರಿಗೆ ಮಾಡುವ ಉಪಕಾರ.

ಬರೆಯುವಾಗ ಒಂದು ವಿಷಯ ನೋಡಿಕೊಳ್ಳಿ. ಡೈರಿಯಲ್ಲಿ ‘2 ಇಂಚು 5 ಸೆಂಟ್’ ಅಂತ ಇದ್ದರೆ ಪಟ್ಟಿಯಲ್ಲಿ 2.05 ಬರಬೇಕು, 2.5 ಅಲ್ಲ. 2.5 ಅಂದರೆ 2 ಇಂಚು 50 ಸೆಂಟ್. ವರ್ಷದ ಮೊತ್ತ ಕೂಡುವಾಗ ಇಂಥ ನಾಲ್ಕೈದು ಸೇರಿದರೂ ಲೆಕ್ಕ ಇಂಚುಗಟ್ಟಲೆ ತಪ್ಪುತ್ತದೆ. ಮಿಲಿಮೀಟರ್ ಬೇಕಾದವರಿಗೆ ಪಕ್ಕದಲ್ಲೇ ಅದೂ ಕಾಣುವಂತೆ ಪುಟವೇ ಗುಣಿಸಿ ತೋರಿಸಲಿ.

ಅಂಕಿ ಕನ್ನಡದ್ದಿರಲಿ ಅನ್ನುವ ಆಸೆ ನನಗೂ ಇದೆ. ಆದರೆ ಪಟ್ಟಿಯಲ್ಲಿ ಬೇಡ ಅನ್ನುತ್ತೇನೆ. ಹಲವು ಫಾಂಟ್‌ಗಳಲ್ಲಿ ಕನ್ನಡ ಅಂಕಿಗಳ ಅಗಲ ಒಂದೇ ಸಮ ಇಲ್ಲ, ಹಾಗಾಗಿ ದಶಮಾಂಶದ ಚುಕ್ಕಿ ಒಂದರ ಕೆಳಗೆ ಒಂದು ಕೂರುವುದಿಲ್ಲ. ಯಾರಾದರೂ ಪಟ್ಟಿಯನ್ನು ನಕಲು ಮಾಡಿ ಎಕ್ಸೆಲ್‌ಗೆ ಹಾಕಿಕೊಂಡಾಗ ಕೂಡುವುದಕ್ಕೂ ತೊಡಕು. ಲೇಖನದ ಸಾಲಿನ ಮಧ್ಯೆ ೨೦೧೯ ಅಂತ ಬರೆದರೆ ಚೆಂದವೇ.

ಹನ್ನೆರಡು ತಿಂಗಳನ್ನು ಅಡ್ಡಕ್ಕೆ ಹಾಕಿದರೆ ಫೋನಿನಲ್ಲಿ ಹಿಡಿಸುವುದಿಲ್ಲ. ತಿಂಗಳು ಕೆಳಮುಖವಾಗಿ ಬರಲಿ, ವರ್ಷಗಳು ಅಡ್ಡಕ್ಕೆ. ವರ್ಷ ಜಾಸ್ತಿ ಆದಾಗ ಪಟ್ಟಿ ಮಾತ್ರ ಪಕ್ಕಕ್ಕೆ ಸರಿಯಲಿ, ಇಡೀ ಪುಟ ಸರಿಯಬಾರದು. ತಿಂಗಳ ಹೆಸರಿನ ಮೊದಲ ಕಂಬ ಎಡಕ್ಕೆ ಅಂಟಿಕೊಂಡೇ ಇರುವಂತೆ ಮಾಡಬಹುದು.

ಲಿಂಕ್ ಮತ್ತು ಸಾರಾಂಶ

ಪುಟದ ವಿಳಾಸವನ್ನು ಕನ್ನಡದಲ್ಲೇ ಇಟ್ಟರೆ ವಿಳಾಸಪಟ್ಟಿಯಲ್ಲಿ ಚೆನ್ನಾಗಿ ಕಾಣುತ್ತದೆ. ನಕಲು ಮಾಡಿ ವಾಟ್ಸಾಪ್‌ಗೆ ಹಾಕಿದಾಗ ಹೆಚ್ಚಾಗಿ ಅದು ಶೇಕಡಾ ಚಿಹ್ನೆಗಳ ಉದ್ದ ಸರಮಾಲೆ ಆಗುತ್ತದೆ. ಪ್ರತಿ ಬೈಟ್‌ಗೂ ಮೂರು ಚಿಹ್ನೆ, ಪ್ರತಿ ನಂಬರ್‌ಗೆ ಒಂಬತ್ತು. ಹಾಗಾಗಿ ‘ಚಿಕ್ಕಮಗಳೂರು’ ಒಂದಕ್ಕೇ 99 ಚಿಹ್ನೆ. ಇನ್ನು ಕೆಲವು ಉಪಕರಣಗಳು ತಲೆಬರಹದಿಂದ ತಾವೇ ವಿಳಾಸ ಮಾಡುವಾಗ ಗುಣಿಸು, ಕೊಂಬುಗಳನ್ನೆಲ್ಲ ಕಸ ಅಂತ ತಿಳಿದು ತೆಗೆದುಬಿಡುತ್ತವೆ. ಊರಿನ ಹೆಸರು ‘ಚಕಕಮಗಳರ’ ಆಗುತ್ತದೆ. ವಿಳಾಸವನ್ನು ಮಾತ್ರ ಸಣ್ಣ ಇಂಗ್ಲಿಷ್ ಪದಗಳಲ್ಲಿ ನೀವೇ ಬರೆದುಕೊಡಿ. ಒಮ್ಮೆ ಕೊಟ್ಟ ಮೇಲೆ ಬದಲಿಸಬೇಡಿ, ಹಂಚಿದ ಹಳೆಯ ಲಿಂಕ್‌ಗಳೆಲ್ಲ ಸತ್ತುಹೋಗುತ್ತವೆ.

ಮುಖಪುಟದಲ್ಲಿ ಲೇಖನದ ಮೊದಲ 150 ಅಕ್ಷರ ತೋರಿಸುವುದು ಥೀಮ್‌ಗಳ ರೂಢಿ. ಎಣಿಕೆ ನಂಬರ್ ಲೆಕ್ಕದಲ್ಲಿ ಆಗುತ್ತದೆ. ಕತ್ತರಿ ‘ಕ್ಕ’ದ ಮಧ್ಯೆ ಬಿದ್ದರೆ ‘ಚಿಕ್…’ ಅಂತ ನಿಲ್ಲುತ್ತದೆ. ಬೈಟ್ ಲೆಕ್ಕದಲ್ಲಿ ಕತ್ತರಿಸುವ ಉಪಕರಣವಾದರೆ ಕೊನೆಯಲ್ಲಿ ಪ್ರಶ್ನೆ ಚಿಹ್ನೆ ಇರುವ ಕಪ್ಪು ವಜ್ರದ ಆಕಾರ ಬರುತ್ತದೆ. ಪದದ ಕೊನೆಯಲ್ಲಿ ಕತ್ತರಿಸು ಅಂತ ಬದಲಿಸಬಹುದು. ಅದಕ್ಕಿಂತ ಒಳ್ಳೆಯದು ಪ್ರತಿ ಲೇಖನಕ್ಕೂ ಎರಡು ಸಾಲಿನ ಸಾರಾಂಶ ನೀವೇ ಬರೆಯುವುದು. ವಾಟ್ಸಾಪ್‌ನಲ್ಲಿ ಲಿಂಕ್ ಜೊತೆ ಕಾಣುವುದೂ ಅದೇ ಸಾಲುಗಳು, ಓದುಗರು ಒಳಗೆ ಬರುವುದು ಅದನ್ನು ನೋಡಿಯೇ. ಹೊಸ ಬರಹವನ್ನು ಓದುಗರಿಗೆ ತಾನೇ ತಲುಪಿಸುವ ಆರ್‌ಎಸ್‌ಎಸ್ ಫೀಡ್ ಇದ್ದರೆ ಇರಲಿ, ತೆಗೆಯಬೇಡಿ. ಬಳಸುವವರು ಕಡಿಮೆ, ಆದರೆ ಅವರು ಬಿಡದೆ ಓದುವವರು.

ಹುಡುಕಿದ್ದು ಸಿಗಬೇಕು

ಕನ್ನಡ ತಾಣದಲ್ಲಿ ಸರಿಯಾಗಿ ಮಾಡಲು ಎಲ್ಲಕ್ಕಿಂತ ಕಷ್ಟವಾದ್ದು ಹುಡುಕುವ ಪೆಟ್ಟಿಗೆ. ಸಿದ್ಧವಾಗಿ ಸಿಗುವವು ಪದಕ್ಕೆ ಪದ ಹೋಲಿಸುತ್ತವೆ. ನಮ್ಮ ಪದ ಒಂದೇ ರೂಪದಲ್ಲಿ ಇರುವುದೇ ಇಲ್ಲ. ಓದುಗರು ‘ಹಾಸನ’ ಅಂತ ಹುಡುಕುತ್ತಾರೆ. ಬರಹದಲ್ಲಿ ಇರುವುದು ಹಾಸನದ, ಹಾಸನಕ್ಕೆ, ಹಾಸನದಲ್ಲಿ, ಹಾಸನದಿಂದ. ಪದದ ಆರಂಭ ಹೊಂದಿದರೆ ಸಾಕು ಅಂತ ಮಾಡಿದರೆ ಇಷ್ಟೂ ಸಿಗುತ್ತವೆ. ಆದರೆ ‘ಕಾಡು’ ಅಂತ ಹುಡುಕಿದರೆ ಕಾಡಿನಲ್ಲಿ, ಕಾಡಿಗೆ, ಕಾಡನ್ನು ಯಾವುದೂ ಸಿಗುವುದಿಲ್ಲ. ಕೊನೆಯ ಕೊಂಬು ಅಡ್ಡ ಬರುತ್ತದೆ. ಹುಡುಕುವ ಪದದ ಕೊನೆಯಲ್ಲಿ ಕೊಂಬು ಇದ್ದರೆ ಅದನ್ನು ತೆಗೆದು ‘ಕಾಡ’ ಅಂತ ಹುಡುಕಿಸಿದರೆ ಎಲ್ಲವೂ ಬರುತ್ತವೆ. ಬೇಡದ್ದೂ ಒಂದೆರಡು ಬರಬಹುದು, ಪರವಾಗಿಲ್ಲ.

‘ಮಳೆ’ ಅಂತ ಹುಡುಕಿದವರಿಗೆ ‘ಹೂಮಳೆ’ಯೂ ಸಿಗಬೇಕಲ್ಲವೇ? ಹಾಗಾದರೆ ಪದದ ಆರಂಭ ಮಾತ್ರ ನೋಡಿದರೆ ಸಾಲದು, ಒಳಗೆ ಎಲ್ಲಿದ್ದರೂ ಹಿಡಿಯಬೇಕು. ಒಬ್ಬರು ‘ಹೂಮಳೆ’ ಅಂತ ಸೇರಿಸಿ ಬರೆಯುತ್ತಾರೆ, ಇನ್ನೊಬ್ಬರು ‘ಹೂ ಮಳೆ’ ಅಂತ ಬಿಡಿಸಿ. ಹೋಲಿಸುವ ಮೊದಲು ಎರಡೂ ಕಡೆಯ ಖಾಲಿ ಜಾಗ ತೆಗೆದುಬಿಟ್ಟರೆ ಇದೂ ಬಗೆಹರಿಯುತ್ತದೆ.

ಕಣ್ಣಿಗೆ ಕಾಣದ ವ್ಯತ್ಯಾಸಗಳೂ ಇವೆ. ‘ಸಾಫ್ಟ್‌ವೇರ್’ ಅಂತ ಬರೆಯುವಾಗ ‘ವ’ ಒತ್ತಾಗದಂತೆ ತಡೆಯಲು ಮಧ್ಯೆ ಒಂದು ಕಾಣದ ಚಿಹ್ನೆ ಹಾಕುತ್ತೇವೆ. ಕೆಲವು ಕೀಲಿಮಣೆಗಳು ಅದನ್ನು ಹಾಕುತ್ತವೆ, ಕೆಲವು ಹಾಕುವುದಿಲ್ಲ. ‘ಕೊ’ದ ಸ್ವರವನ್ನು ಒಂದೇ ನಂಬರ್ ಆಗಿಯೂ ಇಡಬಹುದು, ಏತ್ವ ಮತ್ತು ದೀರ್ಘದ ಕೊಂಬಿನ ಎರಡು ನಂಬರ್ ಆಗಿಯೂ ಇಡಬಹುದು. ಯೂನಿಕೋಡ್ ಎರಡನ್ನೂ ಸಮ ಅನ್ನುತ್ತದೆ, ಬರೀ ಬೈಟ್ ಹೋಲಿಸುವ ಪೆಟ್ಟಿಗೆಗೆ ಅದು ಗೊತ್ತಿಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ನಾರ್ಮಲೈಸ್ ಅನ್ನುವ ಆಜ್ಞೆ ಇದೆ, ಎರಡು ರೂಪವನ್ನೂ ಒಂದೇ ಮಾಡುತ್ತದೆ. ಹೋಲಿಸುವ ಮೊದಲು ಅದನ್ನು ನಡೆಸಿ, ಕಾಣದ ಚಿಹ್ನೆ ತೆಗೆದು, ಅಕ್ಷರಗಳ ನಡುವಿನ ‘೦’ ಅನ್ನು ಅನುಸ್ವಾರ ಮಾಡಿ, ಆಮೇಲೆ ಉಳಿದ ಕನ್ನಡ ಅಂಕಿಗಳನ್ನು 0ಯಿಂದ 9ಕ್ಕೆ ಬದಲಿಸಿ. ಇದೇ ಶುದ್ಧಿಯನ್ನು ಬರಹಕ್ಕೂ ಮಾಡಬೇಕು, ಹುಡುಕುವ ಪದಕ್ಕೂ ಮಾಡಬೇಕು. ಹತ್ತು ಹದಿನೈದು ಸಾಲಿನ ಕೋಡ್ ಅಷ್ಟೇ.

ಹುಡುಕಾಟ ಓದುಗರ ಫೋನಿನಲ್ಲೇ ನಡೆಯುವುದಾದರೆ ತೂಕದ ಲೆಕ್ಕವನ್ನೂ ಮರೆಯುವ ಹಾಗಿಲ್ಲ. 24 ಕೆಬಿಯ ಮುನ್ನೂರು ಲೇಖನ ಅಂದರೆ 7 ಎಂಬಿ ಮೀರುತ್ತದೆ. ಹಿಂಡಿದರೂ ಆ ಒಂದು ಕಡ್ಡಿ ಸಿಗ್ನಲ್‌ಗೆ ಅದು ಭಾರ. ತಲೆಬರಹ, ನೀವೇ ಬರೆದ ಎರಡು ಸಾಲಿನ ಸಾರಾಂಶ, ವಿಷಯದ ಹೆಸರುಗಳು, ಇಷ್ಟನ್ನೇ ಒಂದು ಕಡತದಲ್ಲಿಡಿ. ಓದುಗರು ಪೆಟ್ಟಿಗೆ ಮುಟ್ಟಿದಾಗ ಮಾತ್ರ ಅದನ್ನು ತರಿಸಿ. ಎಲ್ಲ ಆದ ಮೇಲೆ ಯಾರದಾದರೂ ಹಳೆಯ ಫೋನ್ ಇಸಕೊಂಡು ‘ಕಾಡು’, ‘ಹೂ ಮಳೆ’, ‘೨೦೧೯’, ‘ಬೆ೦ಗಳೂರು’ ಅಂತ ಒಂದೊಂದೇ ಹಾಕಿ ನೋಡಿ. ನಾಲ್ಕಕ್ಕೂ ಉತ್ತರ ಬಂದರೆ ಪೆಟ್ಟಿಗೆ ಸಿದ್ಧ. ಯಾವುದಕ್ಕಾದರೂ ಬರದಿದ್ದರೆ, ಆ ಶುದ್ಧಿಯ ಸಾಲುಗಳಲ್ಲಿ ಯಾವುದು ಬಿಟ್ಟುಹೋಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ.